ಟೂರ್ ಬಸ್ಸಿನ ಮೈಕಿನಲ್ಲಿ ನೀಲಗಿರಿ

ಪುಸ್ತಕ ಬಂದರೆ ವಿಮರ್ಶೆ ಬರೆಯುತ್ತೇವೆ. ಸಿನಿಮಾ ಬಂದರೂ ಬರೆಯುತ್ತೇವೆ. ಟಿ.ವಿ. ಧಾರಾವಾಹಿಗಳ ಬಗ್ಗೆಯೂ ಗಂಭೀರವಾಗಿ ಬರೆಯುವವರು ನಮ್ಮಲ್ಲಿದ್ದಾರೆ. ಆದರೆ ದಿನಬೆಳಗಾದರೆ ಎಷ್ಟೋ ಜನ ಕಿವಿಗೊಟ್ಟು ಕೇಳುವ, ಕೇಳಿದ್ದನ್ನು ಮನೆಗೆ ಹೋಗಿ ಇತಿಹಾಸವೆಂದೇ ನೆರೆಹೊರೆಯವರಿಗೆ ಹೇಳುವ ಒಂದು ಕಥನ ಪ್ರಕಾರವನ್ನು ನಮ್ಮ ವಿಮರ್ಶಕರು ಮುಟ್ಟಿದ್ದನ್ನು ನಾನು ಕಂಡಿಲ್ಲ. ಟೂರ್ ಬಸ್ಸಿನಲ್ಲಿ ಮೈಕು ಹಿಡಿದು ನಿಂತ ಗೈಡ್ ಮಾಡುವ ಭಾಷಣ ಅದು. ಅದಕ್ಕೆ ಲೇಖಕನಿಲ್ಲ, ಮುದ್ರಣವಿಲ್ಲ, ತಿದ್ದುವವರಿಲ್ಲ. ಶಾಲೆಯ ಪಾಠವನ್ನು ಮಕ್ಕಳು ಪರೀಕ್ಷೆ ಮುಗಿದ ಮೇಲೆ ಮರೆಯಬಹುದು, ರಜೆಯಲ್ಲಿ ಬೆಟ್ಟ ನೋಡುತ್ತಾ ಕೇಳಿದ ಮಾತನ್ನು ಮರೆಯುವುದಿಲ್ಲ.

2025ರ ಮೇ ತಿಂಗಳಲ್ಲಿ ಹನ್ನೆರಡು ವರ್ಷದ ಮಗಳ ಹಟಕ್ಕೆ ಮಣಿದು ನಾವು ಮೂವರು ಮೈಸೂರಿನಿಂದ ಒಂದು ದಿನದ ಊಟಿ ಪ್ರವಾಸಕ್ಕೆ ಹೊರಟೆವು. ಬೆಳಿಗ್ಗೆ ಆರಕ್ಕೆ ಬಸ್ಸು. ಗುಂಡ್ಲುಪೇಟೆಯಲ್ಲಿ ತಿಂಡಿ. ಬಂಡೀಪುರ, ತೆಪ್ಪಕಾಡು, ಗೂಡಲೂರು, ನಡುವಟ್ಟಂ, ಪೈಕಾರದ ಮೂಲಕ ಊಟಿ. ಹೋಗಿಬರಲು ಮುನ್ನೂರು ಕಿಲೋಮೀಟರಿಗೂ ಹೆಚ್ಚು, ಬಸ್ಸಿನಲ್ಲೇ ಹತ್ತು ಗಂಟೆ. ಬೆಟ್ಟದ ಮೇಲೆ ಕಾಲೂರಿ ನಿಲ್ಲಲು ಸಿಗುವುದು ಹೆಚ್ಚೆಂದರೆ ಐದು ಗಂಟೆ. ಈ ಐದು ಗಂಟೆಯನ್ನು ಯಾರು ನಿರ್ಧರಿಸುತ್ತಾರೆ? ಪ್ರವಾಸದ ಸಂಸ್ಥೆಯೂ ಅಲ್ಲ, ಗೈಡೂ ಅಲ್ಲ. 2009ರಿಂದ ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಒಂಬತ್ತಕ್ಕೆ ಗೇಟು ಬೀಳುತ್ತದೆ. ಹಾಗಾಗಿ ಗೈಡ್ ಬೆಳಗಿನಿಂದಲೇ ಕೈಗಡಿಯಾರ ನೋಡಿಕೊಂಡು ಮಾತನಾಡುತ್ತಾನೆ. ಆನೆ, ಜಿಂಕೆಗಳ ಹಿತಕ್ಕಾಗಿ ಆಗಿರುವ ಈ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅವನ ಕಥನದ ಉದ್ದಗಲವನ್ನು ಕೊನೆಗೂ ಗೊತ್ತುಮಾಡುವುದು ಆ ಗೇಟು ಎಂಬುದು ತಿಳಿದಿದ್ದರೆ ಅವನ ಅವಸರವೂ ಅರ್ಥವಾಗುತ್ತದೆ.

ಜೊತೆಗೆ ಈಗ ಇನ್ನೊಂದು ಗೇಟೂ ಇದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. 2025ರ ಬೇಸಿಗೆಗೆ ವಾರದ ದಿನಗಳಲ್ಲಿ 6000, ವಾರಾಂತ್ಯದಲ್ಲಿ 8000 ವಾಹನ ಎಂದು ಮಿತಿ ಹಾಕಿದರು. ಮಿತಿಯೇ ಆರು ಸಾವಿರವಾದರೆ ಬೆಟ್ಟದ ಮೇಲಿನ ಒತ್ತಡ ಎಂಥದೆಂದು ಬೇರೆ ಹೇಳಬೇಕಾಗಿಲ್ಲ. ನಾವೂ ಆ ಒತ್ತಡದ ಒಂದು ಭಾಗವಾಗಿಯೇ ಹೋದವರು.

ನಮ್ಮ ಗೈಡ್ ಇಪ್ಪತ್ತೈದರ ಆಸುಪಾಸಿನ ಮೈಸೂರಿನ ಹುಡುಗ. ಮಾತು ಚುರುಕು, ಧ್ವನಿ ಚೆನ್ನಾಗಿದೆ. ವಾಂತಿ ಬರುವ ಮಕ್ಕಳಿಗೆ ಕವರು, ಮುಂದಿನ ಸೀಟು, ನಿಂಬೆಹಣ್ಣು ಎಲ್ಲವನ್ನೂ ಅವನೇ ನೋಡಿಕೊಂಡ. ಒಬ್ಬ ಅಜ್ಜಿಯ ಕೈಹಿಡಿದು ದೊಡ್ಡಬೆಟ್ಟದ ಮೆಟ್ಟಿಲು ಹತ್ತಿಸಿದ. ಅವನ ಮನುಷ್ಯತ್ವಕ್ಕೆ ನಾನು ಹತ್ತಕ್ಕೆ ಹತ್ತು ಅಂಕ ಕೊಡುತ್ತೇನೆ. ನಾನಿಲ್ಲಿ ವಿಮರ್ಶೆ ಮಾಡುತ್ತಿರುವುದು ಅವನ ಪಠ್ಯವನ್ನು.

ಆ ಪಠ್ಯದಲ್ಲಿ ಮೂರು ಬಗೆಯ ಸಾಮಗ್ರಿ ಇದೆ. ಮೊದಲನೆಯದು ಅಂಕಿ. ದೊಡ್ಡಬೆಟ್ಟ 2637 ಮೀಟರ್, ಸಸ್ಯೋದ್ಯಾನ 1848ರದ್ದು, ಗುಡ್ಡದ ರೈಲಿಗೆ ಯುನೆಸ್ಕೊ ಮಾನ್ಯತೆ ಸಿಕ್ಕಿದ್ದು 2005ರಲ್ಲಿ. ಇವೆಲ್ಲ ಸರಿಯಾಗಿಯೇ ಇದ್ದವು. ಎರಡನೆಯದು ಸಿನಿಮಾ. ಯಾವ ತಿರುವಿನಲ್ಲಿ ಯಾವ ನಾಯಕಿ ಸೆರಗು ಹಾರಿಸಿದಳು, ಯಾವ ಹುಲ್ಲುಗಾವಲಿನಲ್ಲಿ ಯಾವ ನಾಯಕ ಉರುಳಿದ ಎಂಬುದಕ್ಕೆ ಅವನ ಬಳಿ ಅಪಾರ ದಾಖಲೆಗಳಿದ್ದವು. ‘ದಿಲ್ ಸೇ’ ಚಿತ್ರದ ರೈಲಿನ ಮೇಲಿನ ಹಾಡು ಈ ಬೆಟ್ಟದ ರೈಲಿನದ್ದು ಎಂದಾಗ ಬಸ್ಸಿನಲ್ಲಿ ಚಪ್ಪಾಳೆ ಬಿತ್ತು. ತಮಾಷೆ ಏನೆಂದರೆ, ಊಟಿ ಸಮೀಪಿಸುವಾಗ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ಪ್ರದೇಶವನ್ನು ನಾವು ಹಾದುಹೋದೆವು. ‘ಇಂದು’ ಹೆಸರಿನ ಫಿಲ್ಮ್ ತಯಾರಾಗುತ್ತಿದ್ದ, ಸಾವಿರಾರು ಜನರಿಗೆ ಕೆಲಸ ಕೊಟ್ಟಿದ್ದ ಸರಕಾರಿ ಕಾರ್ಖಾನೆ ಅದು, ಈಗ ಮುಚ್ಚಿದೆ. ಅಲ್ಲಿ ಮೈಕು ಸುಮ್ಮನಿತ್ತು. ಸಿನಿಮಾದವರು ಕುಣಿದ ಹುಲ್ಲು ಪ್ರೇಕ್ಷಣೀಯ, ಫಿಲ್ಮಿನ ಸುರುಳಿ ಮಾಡಿದ ಕೂಲಿಕಾರರ ಜಾಗ ಪ್ರೇಕ್ಷಣೀಯವಲ್ಲ. ಹಾಗೆಯೇ ನಡುವಟ್ಟಂ. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ತೆಗೆಯಲು 1860ರ ದಶಕದಲ್ಲಿ ಸಿಂಕೋನಾ ಬೆಳೆಸಿದ, ಚೀನೀ ಕೈದಿಗಳನ್ನು ಇಟ್ಟಿದ್ದ ಸೆರೆಮನೆಯ ಊರು. ಅಲ್ಲಿ ನಮಗೆ ಸಿಕ್ಕಿದ್ದು ಮೂತ್ರ ವಿಸರ್ಜನೆಗೆ ಹತ್ತು ನಿಮಿಷ.

ಮೂರನೆಯ ಸಾಮಗ್ರಿ ಜನಾಂಗದ ಕತೆ. ನಾನು ಈ ಲೇಖನ ಬರೆಯಲು ಕಾರಣವೂ ಅದೇ.

ಪೈಕಾರ ದಾಟಿ ಊಟಿ ಹತ್ತಿರವಾಗುತ್ತಿತ್ತು. ಇಳಿಜಾರಿನಲ್ಲಿ ಕ್ಯಾರೆಟ್, ಆಲೂಗಡ್ಡೆಯ ಮೆಟ್ಟಿಲು ಗದ್ದೆಗಳು, ಆಚೆ ಟೀ ತೋಟ, ಅಲ್ಲಲ್ಲಿ ಸಾಲುಮನೆಗಳ ಹಳ್ಳಿಗಳು. ಗೈಡ್ ಮೈಕು ಎತ್ತಿಕೊಂಡ. “ಇಲ್ಲಿ ಬಡಗರು ಅಂತ ಒಂದು ಜನ ಇದ್ದಾರೆ. ಬೇರೆ ಯಾರೂ ಅಲ್ಲ, ನಮ್ಮ ಮೈಸೂರು ಕಡೆಯವರೇ. ಏಳು ಜನ ಅಣ್ಣತಮ್ಮಂದಿರು, ಒಬ್ಬಳು ತಂಗಿ. ತಂಗಿ ತುಂಬಾ ಚೆಲುವೆ. ಟಿಪ್ಪು ಸುಲ್ತಾನನ ಕಣ್ಣು ಬಿತ್ತು. ಮಾನ ಉಳಿಸಿಕೊಳ್ಳೋಕೆ ರಾತ್ರೋರಾತ್ರಿ ಬೆಟ್ಟ ಹತ್ತಿದರು.” ಅಷ್ಟು ಹೇಳಿ ಮುಂದಿನ ಹಾಡು ಹಾಕಿದ.

ನಾವು ಕೂತಿದ್ದು ನಾಲ್ಕನೆಯ ಸಾಲಿನಲ್ಲಿ. ನನ್ನ ಹೆಂಡತಿ ಬುರ್ಖಾ ಧರಿಸುವವಳು. ಎರಡು ಮೂರು ತಲೆಗಳು ತಿರುಗಿ ನಮ್ಮನ್ನು ನೋಡಿ ಮತ್ತೆ ಕಿಟಕಿಯತ್ತ ಹೊರಳಿದವು. ಅದರಲ್ಲಿ ದ್ವೇಷವೇನೂ ಇರಲಿಲ್ಲ. ಬೆಳಿಗ್ಗೆಯಷ್ಟೇ ಅವರೊಡನೆ ಇಡ್ಲಿ ಹಂಚಿಕೊಂಡು ತಿಂದಿದ್ದೆವು. ಕತೆಯಲ್ಲಿ ಬಂದ ಒಂದು ಪಾತ್ರದ ಸಂಬಂಧಿಕರು ಇವರೇ ಇರಬೇಕು ಎಂಬಂಥ ನೋಟ. ಮಗಳು ನನ್ನ ತೋಳು ಹಿಡಿದು ಪಿಸುಮಾತಿನಲ್ಲಿ ಕೇಳಿದಳು: “ಅಬ್ಬಾ, ಅದು ನಿಜವಾ?” ನಾನು “ಆಮೇಲೆ ಹೇಳ್ತೀನಿ” ಎಂದೆ. ಹೆಂಡತಿ ನನ್ನ ಮುಖ ನೋಡಿ, “ಬೇಡ, ಬಸ್ಸಿನಲ್ಲಿ ಮಾತು ಬೆಳೆಸಬೇಡಿ” ಎಂದಳು. ನಾನು ಬೆಳೆಸಲಿಲ್ಲ. ಈ ಸುಮ್ಮನಿರುವಿಕೆ ನಮಗೆ ಎಷ್ಟು ರೂಢಿಯಾಗಿದೆಯೆಂದರೆ ಅದನ್ನು ನಾವೀಗ ಸೌಜನ್ಯ ಎಂದೇ ಕರೆದುಕೊಳ್ಳುತ್ತೇವೆ.

ಆ ಕತೆಗೆ ಬರೋಣ. ಏಳು ಅಣ್ಣತಮ್ಮಂದಿರು ಮತ್ತು ತಂಗಿಯ ಕತೆ ಗೈಡ್ ಹುಟ್ಟಿಸಿದ್ದಲ್ಲ. ಬಡಗರಲ್ಲಿ ವಲಸೆಯ ಕತೆಗಳು ಹಲವು ಇವೆ. ಕೆಲವು ರೂಪಗಳಲ್ಲಿ ಮುಸ್ಲಿಂ ಅರಸನೊಬ್ಬನ ಕಾಟದ ಪ್ರಸ್ತಾಪವೂ ಇದೆ. ಒಂದು ಸಮುದಾಯ ತನ್ನ ಮೂಲದ ಬಗ್ಗೆ ಹೇಳಿಕೊಳ್ಳುವ ಕತೆಯನ್ನು ಹೊರಗಿನವರು ಲೇವಡಿ ಮಾಡಬಾರದು, ಅದು ಅವರ ನೆನಪು, ಅವರ ನೋವು. ಅದನ್ನು ಅವರ ಬಾಯಲ್ಲಿ ಕೇಳುವಾಗ ಕತೆಯಾಗಿಯೇ ಕೇಳುತ್ತೇವೆ. ಅದೇ ಕತೆಗೆ ಅರಸನ ಹೆಸರು ಸೇರಿಸಿ, ಸಸ್ಯೋದ್ಯಾನದ ಇಸವಿ ಹೇಳಿದ ಅದೇ ಧ್ವನಿಯಲ್ಲಿ, ಅದೇ ಮೈಕಿನಲ್ಲಿ ಹೇಳಿದಾಗ ಅದು ಇತಿಹಾಸದ ಹೇಳಿಕೆಯಾಗುತ್ತದೆ. ಹೇಳಿಕೆಯಾದ ಮೇಲೆ ಇಸವಿಯ ಲೆಕ್ಕ ಕೊಡಬೇಕಾಗುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. 1603ರಲ್ಲಿ ಫೆನಿಸಿಯೊ ಎಂಬ ಇಟಲಿಯ ಜೆಸ್ಯೂಟ್ ಪಾದ್ರಿ ಮಲಬಾರಿನ ಕಡೆಯಿಂದ ಈ ಬೆಟ್ಟ ಹತ್ತಿದ. ದಾರಿ ತಪ್ಪಿಹೋದ ಹಳೆಯ ಕ್ರೈಸ್ತರು ಮೇಲೆ ಎಲ್ಲೋ ಇದ್ದಾರೆಂಬ ವದಂತಿ ನಂಬಿ ಹೋದವನು ಅವನು. ಕ್ರೈಸ್ತರು ಸಿಗಲಿಲ್ಲ, ತೋಡರು ಸಿಕ್ಕರು, ಬಡಗರು ಸಿಕ್ಕರು. ಇಬ್ಬರನ್ನೂ ಹೆಸರು ಹಿಡಿದು ತನ್ನ ವರದಿಯಲ್ಲಿ ಬರೆದಿದ್ದಾನೆ. ತೋಡರ ಬಗ್ಗೆ 1906ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ ಡಬ್ಲ್ಯು.ಎಚ್.ಆರ್. ರಿವರ್ಸ್ ಆ ವರದಿಯನ್ನು ತನ್ನ ಪುಸ್ತಕದ ಕೊನೆಯಲ್ಲಿ ಕೊಟ್ಟಿದ್ದಾನೆ. ಭಾಷೆಯ ವಿಷಯದಲ್ಲಿ ಆಸಕ್ತಿಯಿರುವ ಗೆಳೆಯರೊಬ್ಬರಿಂದ ವರ್ಷಗಳ ಹಿಂದೆಯೇ ಈ ಸಂಗತಿ ನನಗೆ ತಿಳಿದಿತ್ತು. ಟಿಪ್ಪು ಪಟ್ಟಕ್ಕೆ ಬಂದದ್ದು 1782ರಲ್ಲಿ. ಪಾದ್ರಿ ಬಡಗರನ್ನು ಬೆಟ್ಟದ ಮೇಲೆ ಕಂಡು 179 ವರ್ಷ ಕಳೆದ ಮೇಲೆ! ಬಡಗರ ಸಾಮಾಜಿಕ ಇತಿಹಾಸವನ್ನು ಆಳವಾಗಿ ಅಧ್ಯಯನ ಮಾಡಿದ ಪಾಲ್ ಹಾಕಿಂಗ್ಸ್ 1980ರ ತಮ್ಮ ಪುಸ್ತಕವನ್ನು ಆರಂಭಿಸುವುದೇ 1550ರಿಂದ. 1565ರ ಯುದ್ಧದ ನಂತರ ವಿಜಯನಗರ ಕುಸಿದು ಹುಟ್ಟಿದ ಅರಾಜಕತೆ, ಬರಗಾಲ, ಪಾಳೆಯಗಾರರ ತೆರಿಗೆ, ಹೀಗೆ ಕಾರಣಗಳನ್ನು ವಿದ್ವಾಂಸರು ಹಲವು ಬಗೆಯಲ್ಲಿ ಹೇಳುತ್ತಾರೆ. ಎಲ್ಲರೂ ಒಂದೇ ರಾತ್ರಿ ಬೆಟ್ಟ ಹತ್ತಿದ್ದೂ ಅಲ್ಲ, ತಲೆಮಾರುಗಳ ಕಾಲ ಸ್ವಲ್ಪ ಸ್ವಲ್ಪವಾಗಿ ಬಂದವರು.

ಟಿಪ್ಪುವನ್ನು ಪ್ರಶ್ನಿಸಬಾರದು ಎಂದು ನಾನು ಹೇಳುತ್ತಿಲ್ಲ. ಕೊಡಗಿನಲ್ಲಿ, ಮಲಬಾರಿನಲ್ಲಿ ಅವನ ದಂಡಯಾತ್ರೆಗಳ ಬಗ್ಗೆ ಇರುವ ದಾಖಲೆಗಳನ್ನು ಎದುರಿಗಿಟ್ಟುಕೊಂಡು ಜಗಳವಾಡಲಿ, ಅದು ನ್ಯಾಯವಾದ ಜಗಳ. ಅವನು ಮಾಡಿದ್ದಕ್ಕೆ ಅವನೇ ಉತ್ತರಿಸಬೇಕು. ಆದರೆ ಅವನ ಅಜ್ಜ ಹುಟ್ಟುವ ಮೊದಲೇ ನಡೆದ ವಲಸೆಗೂ ಅವನೇ ಉತ್ತರಿಸಬೇಕೆ? ಇನ್ನು ಆ ಕತೆಯ ಭಾರವನ್ನು ನಾಲ್ಕನೆಯ ಸಾಲಿನಲ್ಲಿ ಕೂತ ಹನ್ನೆರಡು ವರ್ಷದ ಹುಡುಗಿ ಏಕೆ ಹೊರಬೇಕು?

ನನಗೆ ಇದಕ್ಕಿಂತಲೂ ಹೆಚ್ಚು ಬೇಸರ ತಂದದ್ದು ಬೇರೊಂದು. ಬಡಗರ ಬಗ್ಗೆ ಕನ್ನಡಿಗರ ಬಸ್ಸಿನಲ್ಲಿ ಹೇಳಲು ಎಂಥೆಂಥ ಸಂಗತಿಗಳಿದ್ದವು! ‘ಬಡಗ’ ಎಂದರೇನು? ಬಡಗು ಎಂದರೆ ಉತ್ತರ. ಯಕ್ಷಗಾನದ ಬಡಗುತಿಟ್ಟು, ತೆಂಕುತಿಟ್ಟು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉತ್ತರದಿಂದ, ಅಂದರೆ ನಮ್ಮ ಕಡೆಯಿಂದ ಬಂದವರು. ಅವರ ಹಳ್ಳಿ ‘ಹಟ್ಟಿ’. ನಾವು ಹತ್ತಿ ನಿಂತ ಶಿಖರದ ಹೆಸರು ದೊಡ್ಡಬೆಟ್ಟ. ತಮಿಳುನಾಡಿನ ನಡುವೆ ನಿಂತು ಒಬ್ಬ ಮೈಸೂರಿನವ ‘ದೊಡ್ಡಬೆಟ್ಟ’ ಎಂಬ ಫಲಕ ಓದುವಾಗ ಅವನಿಗೆ ಏನೂ ಅನ್ನಿಸದೇ ಹೋಗುವುದು ಹೇಗೆ? ಕೂನೂರಿನ ಪಕ್ಕದಲ್ಲಿ ಹುಲಿಕಲ್ ಇದೆ. ಕೋಟಗಿರಿ ಎಂದರೆ ಗಿರಿಯೂ ಅಲ್ಲ, ಕೋಟೆಯೂ ಅಲ್ಲ, ಕೋತರ ಕೇರಿ. ಮಡಕೆ ಮಾಡುವ, ಕಬ್ಬಿಣ ಬಡಿಯುವ, ವಾದ್ಯ ನುಡಿಸುವ ಕೋತ ಜನರ ಕೇರಿ. ಹಳಗನ್ನಡದ ಪಾಲು, ಪುಲಿಗಳು ನಡುಗನ್ನಡದ ಹೊತ್ತಿಗೆ ಹಾಲು, ಹುಲಿಗಳಾದವು. ಸುತ್ತಲೂ ಪಾಲು, ಪುಲಿ ಎನ್ನುವ ತಮಿಳಿನ ನಡುವೆ ಬದುಕಿಯೂ ಬಡಗ ನುಡಿ ಹಕಾರವನ್ನು ಬಿಟ್ಟುಕೊಟ್ಟಿಲ್ಲ. ಅಂದರೆ ಕನ್ನಡದಲ್ಲಿ ಪಕಾರ ಹಕಾರವಾದ ಮೇಲೆಯೇ ಇವರು ನಮ್ಮಿಂದ ಬೇರೆಯಾದವರು ಎಂದು ಊಹಿಸಬಹುದು. ಅತ್ತ ಪಾದ್ರಿಯ 1603, ಇತ್ತ ಈ ಹಕಾರ. ನಡುವಿನ ಕಾಲದಲ್ಲಿ ಇವರ ಪಯಣ ನಡೆದಿದೆ. ಟಿಪ್ಪು ಮತ್ತು ತಂಗಿಯ ಕತೆಗಿಂತ ಈ ಪತ್ತೇದಾರಿ ಕಡಿಮೆ ರೋಚಕವೆ?

2011ರ ಜನಗಣತಿಯಲ್ಲಿ ಸುಮಾರು 1 ಲಕ್ಷ 33 ಸಾವಿರ ಜನ ತಮ್ಮ ತಾಯಿನುಡಿ ಬಡಗ ಎಂದಿದ್ದಾರೆ. ಸರಕಾರ ಅವರನ್ನು ಕನ್ನಡದ ಲೆಕ್ಕಕ್ಕೆ ಸೇರಿಸಿದೆ. ಆದರೆ ಬಡಗರು ತಮ್ಮದು ಬೇರೆ ನುಡಿ ಎನ್ನುತ್ತಾರೆ. 1939ರಲ್ಲೇ ಭಾಷಾವಿಜ್ಞಾನಿ ಎಮೆನೊ ಬಡಗದ ಸ್ವರಗಳ ಬಗ್ಗೆ ಪ್ರತ್ಯೇಕ ಲೇಖನ ಬರೆದಿದ್ದರು, ಕನ್ನಡದಲ್ಲಿಲ್ಲದ ಸ್ವರಗಳು ಅದರಲ್ಲಿವೆ. ಆದ್ದರಿಂದ “ನಮ್ಮವರೇ” ಎಂದು ಎದೆತಟ್ಟಿಕೊಳ್ಳುವಾಗಲೂ ಸ್ವಲ್ಪ ಹುಷಾರಾಗಿರಬೇಕು. ಅಕ್ಕತಂಗಿಯರಾಗಿರಬಹುದು, ಒಂದೇ ಮನೆಯಲ್ಲಿ ಇಲ್ಲ.

ಇನ್ನು ತೋಡರು. ಸುಮಾರು ಎರಡು ಸಾವಿರ ಜನಸಂಖ್ಯೆಯ, ಎಮ್ಮೆಗಳನ್ನೇ ಬದುಕಿನ ನಡುವೆ ಇಟ್ಟುಕೊಂಡ ಈ ಜನ ಊಟಿಯ ಮೂಲ ಒಡೆಯರು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಇಲ್ಲಿಗೆ ಬಂದ, ಮನೆ ಕಟ್ಟಿದ, ಕೆರೆ ಕಟ್ಟಿಸಿದ. ಅವನೇ ಈ ನೆಲದ ಪೂರ್ಣ ಹಕ್ಕು ತೋಡರದ್ದು ಎಂದು ತನ್ನ ಮೇಲಿನವರೊಡನೆ ವಾದ ಮಾಡಿದ್ದನ್ನು ಮೈಕು ಹೇಳುವುದಿಲ್ಲ. ಸಸ್ಯೋದ್ಯಾನದ ಮೇಲ್ಭಾಗದ ಗುಡ್ಡದಲ್ಲಿ ತೋಡರ ಮಂದ್ ಇದೆ. ಗೈಡ್ ಬೆರಳು ತೋರಿಸಿ “ಅಲ್ಲಿ ಮೇಲೆ ಆದಿವಾಸಿಗಳ ಗುಡಿಸಲು, ಹೋಗೋಕೆ ಟೈಮ್ ಇಲ್ಲ” ಎಂದ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ನಲವತ್ತು ಜನ ಮೊಬೈಲ್ ಹಿಡಿದು ಯಾರದೋ ಮನೆಯಂಗಳಕ್ಕೆ ನುಗ್ಗುವುದು ತಪ್ಪಿತು. ಆದರೆ ಆಮೇಲೆ ಚಾಕಲೇಟು ಮತ್ತು ಟೀಪುಡಿಯ ಅಂಗಡಿಯಲ್ಲಿ ನಾವು ಕಳೆದದ್ದು ಐವತ್ತು ನಿಮಿಷ. ನಾನೇ ಎರಡು ಪೊಟ್ಟಣ ಟೀಪುಡಿ, ಒಂದು ಸೀಸೆ ನೀಲಗಿರಿ ತೈಲ ಕೊಂಡೆ.

ನೀಲಗಿರಿ ತೈಲ ಎಂದಾಗ ನೆನಪಾಯಿತು. ಕನ್ನಡದಲ್ಲಿ ನಾವು ‘ನೀಲಗಿರಿ’ ಎಂದರೆ ಮೊದಲು ನೆನಪಾಗುವುದು ಒಂದು ಮರ. ಆ ಮರ ಆಸ್ಟ್ರೇಲಿಯಾದ್ದು, ಬ್ರಿಟಿಷರು 1840ರ ದಶಕದಲ್ಲಿ ಈ ಬೆಟ್ಟಕ್ಕೆ ತಂದರು. ಸೌದೆಗೆ, ಆಮೇಲೆ ಕಾರ್ಖಾನೆಗಳ ರೇಯಾನ್ ತಿರುಳಿಗೆ ಅದನ್ನೂ ಅಕೇಶಿಯಾವನ್ನೂ ನೆಟ್ಟು ಹುಲ್ಲುಗಾವಲನ್ನೂ ಶೋಲಾ ಕಾಡನ್ನೂ ಮುಚ್ಚಿದರು. ಬೆಟ್ಟಕ್ಕೆ ನೀಲಿ ಹೆಸರು ತಂದದ್ದು ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿ ಹೂವೆಂದು ಹೇಳುತ್ತಾರೆ. ಆ ಹೂವಿನ ಹುಲ್ಲುಗಾವಲನ್ನು ನುಂಗಿದ ಮರಕ್ಕೇ ನಾವು ಬೆಟ್ಟದ ಹೆಸರಿಟ್ಟು ಕರೆಯುತ್ತಿದ್ದೇವೆ. ಗೈಡ್ ಒಬ್ಬನ ತಪ್ಪಲ್ಲ ಇದು, ಇಡೀ ಕನ್ನಡದ್ದು.

ಸಂಜೆ ಐದರ ಸುಮಾರಿಗೆ ಬಸ್ಸು ಮೈಸೂರು ರಸ್ತೆ ಹಿಡಿಯಿತು. ಸೇಂಟ್ ಸ್ಟೀಫನ್ ಚರ್ಚಿನ ಹಳದಿ ಗೋಡೆ ಕಿಟಕಿಯಲ್ಲಿ ಬಂದು ಹೋಯಿತು. 1829ರಲ್ಲಿ ಅಡಿಗಲ್ಲು ಹಾಕಿದ ಈ ಚರ್ಚಿನ ದೊಡ್ಡ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ತಂದವು. 1799ರಲ್ಲಿ ಅವನನ್ನು ಕೊಂದ ಮೇಲೆ ಈ ಬೆಟ್ಟ ಕಂಪೆನಿಯ ಪಾಲಾಯಿತು, ಮುಂದೆ ಅವನ ಅರಮನೆಯ ಮರವೂ ಬೆಟ್ಟ ಹತ್ತಿತು. ಶ್ರೀರಂಗಪಟ್ಟಣದಲ್ಲಿ ಆ ಅರಮನೆಯ ಜಾಗದಲ್ಲಿ ಈಗ ಪಾಯದ ಕಲ್ಲು ಬಿಟ್ಟರೆ ಏನೂ ಇಲ್ಲ. ಮಗಳಿಗೆ ಆ ಗೋಡೆ ತೋರಿಸಿ ಇದನ್ನು ಹೇಳಿದೆ. ಬೆಳಗಿನ ಪ್ರಶ್ನೆಗೆ ಉತ್ತರವಾಗಿ ಪಾದ್ರಿಯ ಕತೆಯನ್ನೂ ಹೇಳಿದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿ, “ಹಾಗಾದ್ರೆ ನೀವು ಆಗಲೇ ಯಾಕೆ ಹೇಳಲಿಲ್ಲ?” ಎಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಗೂಡಲೂರಿನಲ್ಲಿ ಟೀಗೆ ನಿಲ್ಲಿಸಿದಾಗ ಗೈಡ್ ಒಬ್ಬನೇ ಒಂದು ಮೂಲೆಯಲ್ಲಿ ನಿಂತಿದ್ದ. ಹತ್ತಿರ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವನೇ, “ಸರ್, ಬೆಳಿಗ್ಗೆ ಆ ಮಾತು ಹೇಳಿ ಆದ ಮೇಲೆ ನಿಮ್ಮ ಕಡೆ ನೋಡಿದೆ. ತಪ್ಪು ತಿಳ್ಕೋಬೇಡಿ” ಎಂದ. ಯಾರು ಹೇಳಿಕೊಟ್ಟರು ಎಂದು ಕೇಳಿದೆ. “ಸೀನಿಯರ್ ಗೈಡ್ ಹೇಳ್ತಿದ್ರು. ನಾನು ಅವರ ಹಿಂದೆ ಆರು ತಿಂಗಳು ಸುಮ್ಮನೆ ಬಂದು ಕಲಿತಿದ್ದು. ಪುಸ್ತಕ ಓದೋಕೆ ಯಾವಾಗ ಸರ್ ಟೈಮು? ವಾರಕ್ಕೆ ಐದು ಟ್ರಿಪ್ಪು. ಸಂಬಳ ಅಂತ ಏನೂ ಇಲ್ಲ, ದಿನಭತ್ಯೆ ಮತ್ತೆ ಆ ಅಂಗಡಿಯವರು ಕೊಡೋದು.” ಐವತ್ತು ನಿಮಿಷದ ಲೆಕ್ಕ ನನಗಾಗ ತಿಳಿಯಿತು. ಟಿಪ್ಪುವಿನ ಕತೆಗೂ ಚಾಕಲೇಟಿನ ಅಂಗಡಿಗೂ ಒಂದೇ ಬೇರು: ಜನ ಬೇಸರಗೊಳ್ಳಬಾರದು, ಖುಷಿಯಲ್ಲಿ ಇಳಿಯಬೇಕು, ಕೊಳ್ಳಬೇಕು.

ನಾನು ಪಾದ್ರಿಯ ಇಸವಿ ಹೇಳಿದೆ, ಹಕಾರದ ಮಾತು ಹೇಳಿದೆ. ಪಕಾರ, ಹಕಾರ ಎಂದಾಗ ಅವನ ಕಣ್ಣು ಬಸ್ಸಿನತ್ತ ಹೋಯಿತು. ದೊಡ್ಡಬೆಟ್ಟದ ಹೆಸರಿನ ವಿಷಯ ಮಾತ್ರ ಅವನಿಗೆ ಹಿಡಿಸಿತು. “ಹೌದಲ್ವಾ ಸರ್, ದಿನಾ ಹೇಳ್ತೀನಿ, ಹೊಳೆದೇ ಇರಲಿಲ್ಲ” ಎಂದ. ಚರ್ಚಿನ ತೊಲೆಗಳ ಕತೆ ಕೇಳಿ ಇನ್ನೂ ಖುಷಿಯಾದ. “ಇದು ಚೆನ್ನಾಗಿದೆ ಸರ್. ಶ್ರೀರಂಗಪಟ್ಟಣ ನೋಡಿರೋರೇ ಎಲ್ಲ ಬಸ್ಸಿನಲ್ಲಿ ಇರ್ತಾರೆ. ಅವರಿಗೆ ತಕ್ಷಣ ಹಿಡಿಯುತ್ತೆ.” ಆಮೇಲೆ ಸ್ವಲ್ಪ ಯೋಚಿಸಿ, “ಆದರೆ ಆ ಚರ್ಚಿನ ಮುಂದೆ ಬಸ್ಸು ನಿಲ್ಲಿಸೋಕೆ ಬಿಡಲ್ಲ. ಓಡೋ ಬಸ್ಸಲ್ಲೇ ಹೇಳಬೇಕು. ಎರಡು ನಿಮಿಷದಲ್ಲಿ ಮುಗಿಯುತ್ತಾ ಸರ್?” ಎಂದ.

ಮುಗಿಯುತ್ತದೆ ಎಂದೆ. ಡ್ರೈವರ್ ಹಾರನ್ ಬಾರಿಸುತ್ತಿದ್ದ. ಗೇಟು ಬೀಳಲು ಇನ್ನು ಒಂದೂವರೆ ಗಂಟೆಯಷ್ಟೇ ಉಳಿದಿತ್ತು.